ಬೀಗತಿ ಮನೆಯ ಬಳಚು

ಗೆಳತಿಯರೇ, ಬೀಗರ ಮನೆಯಲ್ಲಿ ಊಟಕ್ಕೆ ಕೂತಾಗ ಬಡಿಸಿದ ತಟ್ಟೆಯನ್ನು ಪಕ್ಕಕ್ಕೆ ಸರಿಸುವಷ್ಟು ಒರಟುತನ ನನ್ನಲ್ಲಿದೆ ಎಂದು ಕಳೆದ ಕಾರ್ತಿಕದವರೆಗೆ ನನಗೇ ಗೊತ್ತಿರಲಿಲ್ಲ. ಸರಿಸಿದ್ದು ನನ್ನ ತಟ್ಟೆಯಾಗಿದ್ದರೆ ಹೇಗೋ ನಡೆದುಹೋಗುತ್ತಿತ್ತು. ನಾನು ಸರಿಸಿದ್ದು ಮಗಳ ತಟ್ಟೆ. ಅವಳಿಗೆ ಆಗ ಐದು ತಿಂಗಳು.

ಮೊದಲಿಂದ ಹೇಳ್ತೀನಿ. ನಮ್ಮದು ಕಂಪ್ಲಿ. ತುಂಗಭದ್ರೆ ದಂಡೆಯ ಊರು. ಬತ್ತ, ಬಾಳೆ, ಕಬ್ಬಿನ ಸೀಮೆ. ಮಾವನವರ ಕಾಲದವರೆಗೂ ಮನೆಯಲ್ಲಿ ಹರಿಗೋಲು ಇತ್ತು, ಹಾಗಾಗಿ ಹೊಳೆಯ ಮೀನು ನಮಗೆ ಹೊಸದಲ್ಲ. ಸಮುದ್ರದ ಪದಾರ್ಥ ಮಾತ್ರ ಗೊತ್ತಿಲ್ಲ. ಮಗಳನ್ನು ಕೊಟ್ಟದ್ದು ಕುಮಟಾ ತಾಲೂಕಿಗೆ. ಅಳಿಯ ಮೊದಲು ಹೊಸಪೇಟೆಯಲ್ಲಿ ಕೆಲಸಕ್ಕಿದ್ದ, ಆಗ ಕೂಡಿಬಂದ ಸಂಬಂಧ. ಆಮೇಲೆ ಅವನಿಗೆ ಅವನ ಊರ ಕಡೆಗೇ ವರ್ಗವಾಯಿತು. ಅವರ ಮನೆ ಅಘನಾಶಿನಿ ಹೊಳೆ ಸಮುದ್ರ ಸೇರುವ ಜಾಗದ ಸಮೀಪ. ಸಿಹಿನೀರೂ ಉಪ್ಪುನೀರೂ ಕೂಡುವ ಅಂಥ ಜಾಗಕ್ಕೆ ಅಳಿವೆ ಅಂತಾರೆ. ಭರತ ಬಂದಾಗ ಸಮುದ್ರವೇ ಹೊಳೆಯೊಳಗೆ ನುಗ್ಗಿಬರುತ್ತದೆ, ಇಳಿತದ ಹೊತ್ತಿಗೆ ಮೈಲಿಗಟ್ಟಲೆ ಕೆಸರು ಬಯಲಾಗುತ್ತದೆ. ಆ ಕೆಸರಿನಲ್ಲಿ ಹೆಂಗಸರು ಬುಟ್ಟಿ ಹಿಡಿದು ಬಗ್ಗಿ ಹೆಕ್ಕುವ ಚಿಪ್ಪುಜೀವಿಯೇ ಬಳಚು. ಮಂಗಳೂರಿನವರು ಮರುವಾಯಿ ಅಂತಾರಲ್ಲ, ಆ ಜಾತಿಯದೇ. ನಮ್ಮ ತುಂಗಭದ್ರೆಯ ಮರಳಿನಲ್ಲಿ ಸಿಗುವ ಸಿಂಪಿಗೆ ಉಪ್ಪುನೀರಿನ ತಂಗಿ ಅನ್ನಿ.

ನನ್ನ ಬೀಗತಿಗೆ ಗಂಡ ಬೇಗ ತೀರಿಕೊಂಡರು. ಮೂರು ಗಂಡುಮಕ್ಕಳನ್ನು ಅವರು ಸಾಕಿದ್ದು ಈ ಬಳಚು ಮಾರಿಯೇ. ಈಗ ಮಕ್ಕಳು ದುಡಿಯುತ್ತಾರೆ, ಬೇಕಿಲ್ಲ. ಆದರೂ ಇಳಿತ ಬಿದ್ದರೆ ಅವರ ಕಾಲು ಮನೆಯಲ್ಲಿ ನಿಲ್ಲುವುದಿಲ್ಲ.

ಬಸುರಿ ಮಗಳನ್ನು ನೋಡಿ ಬರಲು ನಾನು ಒಬ್ಬಳೇ ಹೊರಟೆ. ಹುಬ್ಬಳ್ಳಿ ದಾಟಿ ಘಟ್ಟ ಇಳಿದು ಹೋಗುವಷ್ಟರಲ್ಲಿ ಮೈಯೆಲ್ಲಾ ಹಣ್ಣಾಗಿತ್ತು. ಮರುದಿನ ಸಂಜೆ ಬೀಗತಿ ಒಂದು ಬುಟ್ಟಿ ಬಳಚು ತಂದು, ಹೊಳೆಯ ನೀರನ್ನೇ ತುಂಬಿದ ದೊಡ್ಡ ಬೋಗುಣಿಯಲ್ಲಿ ಹಾಕಿಟ್ಟರು. "ರಾತ್ರಿ ಇಟ್ರೆ ಹೊಯ್ಗೆ ಉಗಳ್ತವೆ" ಅಂದರು. ಹೊಯ್ಗೆ ಅಂದರೆ ಮರಳು. ನೀರು ಕದಡಿದ ಅಕ್ಕಿ ಕಚ್ಚಿನ ಹಾಗಿತ್ತು. ಸ್ವಲ್ಪ ಹೊತ್ತಿಗೆ ಒಂದೊಂದೇ ಚಿಪ್ಪು ಬಾಯಿ ಬಿಟ್ಟು, ಅದರಿಂದ ಅವರೆಕಾಳಿನ ಮೊಳಕೆಯಂಥ ಎರಡು ಪುಟ್ಟ ಕೊಳವೆ ಹೊರಬಂದವು. ಒಂದರಿಂದ ನೀರು ಎಳೆದುಕೊಂಡು ಇನ್ನೊಂದರಿಂದ ಬಿಡುತ್ತವಂತೆ. ಮುಟ್ಟಲು ಹೋದರೆ ಟಪ್ಪನೆ ಮುಚ್ಚಿಕೊಂಡವು. ಚಿಕ್ಕ ಹುಡುಗಿಯ ಹಾಗೆ ಎಷ್ಟೋ ಹೊತ್ತು ನೋಡುತ್ತಾ ಕೂತೆ.

ಬೆಳಗ್ಗೆ ಎದ್ದು ನೋಡಿದರೆ, ನಂಬ್ತೀರೋ ಇಲ್ಲವೋ, ನೀರು ತಿಳಿಯಾಗಿತ್ತು. ಬೋಗುಣಿಯ ತಳದಲ್ಲಿ ಮರಳು ಮತ್ತು ಲೋಳೆ. ಮೇಲಿನ ನೀರು ಮಾತ್ರ ನಮ್ಮ ಮನೆಯ ಫಿಲ್ಟರಿನ ನೀರಿನ ಹಾಗೆ. ಮೊದಲು ಆಶ್ಚರ್ಯವಾಯಿತು. ಆಮೇಲೆ ಹೆಣ್ಣುಬುದ್ಧಿ ಕೇಳಬೇಕಲ್ಲ? ನಮ್ಮ ಮನೆಯ ಫಿಲ್ಟರಿನ ಬತ್ತಿಯನ್ನು ಆರು ತಿಂಗಳಿಗೊಮ್ಮೆ ತೆಗೆದಾಗ ಅದರ ಬಣ್ಣ ಹೇಗಿರುತ್ತದೆ ಎಂದು ನಾನು ಬಲ್ಲೆ. ಆ ಬತ್ತಿಯನ್ನು ಯಾರಾದರೂ ಸಾರು ಮಾಡ್ತಾರೆಯೇ?

ಇದನ್ನೇ ತಮಾಷೆಗೆ ಫೋನಿನಲ್ಲಿ ಮಗನಿಗೆ ಹೇಳಿದೆ. ಅವನು ಬಿ.ಎಸ್ಸಿ. ಓದುವವನು. ನಗಲಿಲ್ಲ. ಅರ್ಧ ಗಂಟೆಯಲ್ಲಿ ಒಂದು ವಿಡಿಯೋ ಕಳಿಸಿದ. ಜಪಾನಿನ ಮಿನಮಾಟ ಎಂಬ ಊರಿನ ಕಥೆ. ನೋಡಿ ನನ್ನ ಕೈಕಾಲು ತಣ್ಣಗಾಯಿತು.

ಮಿನಮಾಟ ಒಂದು ಕೊಲ್ಲಿಯ ಪಕ್ಕದ ಮೀನುಗಾರರ ಊರು. ಅಲ್ಲಿ ಚಿಸ್ಸೋ ಎಂಬ ಕಂಪನಿಯ ರಾಸಾಯನಿಕ ಕಾರ್ಖಾನೆ 1932ರಿಂದ ಪಾದರಸ ಸೇರಿದ ಹೊಲಸು ನೀರನ್ನು ಸಮುದ್ರಕ್ಕೆ ಬಿಡುತ್ತಿತ್ತು. ಮೊದಲು ಬೆಕ್ಕುಗಳು ಹುಚ್ಚು ಹಿಡಿದಂತೆ ಕುಣಿದು ಸತ್ತವು. 1956ರಲ್ಲಿ ಪುಟ್ಟ ಹೆಣ್ಣುಮಕ್ಕಳಿಗೆ ನಡೆಯಲಾಗದೆ, ಮಾತಾಡಲಾಗದೆ ಆಸ್ಪತ್ರೆಗೆ ಸೇರಿಸಿದ ಮೇಲೆ ಕಾಯಿಲೆ ಸರಕಾರದ ಲೆಕ್ಕಕ್ಕೆ ಬಂತು. ಆ ಕೊಲ್ಲಿಯ ಮೀನು ಮತ್ತು ಚಿಪ್ಪಿನ ಮಾಂಸದಲ್ಲಿ ಪಾದರಸ ಕೂತಿತ್ತು. ಕಾರ್ಖಾನೆಯೇ ಕಾರಣ ಎಂದು ಸರಕಾರ ಒಪ್ಪಿದ್ದು 1968ರಲ್ಲಿ. ನನ್ನ ಎದೆಗೆ ಇರಿದ ಮಾತು ಬೇರೆ. ಬಸುರಿಯರು ಅದನ್ನೇ ತಿಂದರು, ಅವರಲ್ಲಿ ಎಷ್ಟೋ ಜನರಿಗೆ ಹೆಚ್ಚೇನೂ ಆಗಲಿಲ್ಲ. ತಾಯಿಯ ಮೈಯಲ್ಲಿದ್ದ ಪಾದರಸ ಕರುಳಬಳ್ಳಿ ದಾಟಿ ಹೊಟ್ಟೆಯಲ್ಲಿದ್ದ ಕೂಸಿಗೆ ಹೋಯಿತು. ಹುಟ್ಟಿದ ಮಕ್ಕಳಿಗೆ ಕತ್ತು ನಿಲ್ಲಲಿಲ್ಲ.

ಇದನ್ನು ನೋಡಿದ್ದು ಮಧ್ಯಾಹ್ನ ಹನ್ನೆರಡಕ್ಕೆ. ಒಂದು ಗಂಟೆಗೆ ಊಟಕ್ಕೆ ಕರೆದರು. ತೆಂಗಿನಕಾಯಿ ತುರಿ, ಬ್ಯಾಡಗಿ ಮೆಣಸಿನಕಾಯಿ, ಮುರುಗಲ ಹುಳಿ ಹಾಕಿ ಮಾಡಿದ ಬಳಚಿನ ಸುಕ್ಕ, ಕುಚ್ಚಲಕ್ಕಿ ಅನ್ನ. ಮಗಳು ಆಸೆಯಿಂದ ಕೈ ಹಾಕಿದಳು. ನಾನು ತಟ್ಟೆ ಸರಿಸಿಬಿಟ್ಟೆ. "ಬೇಡವ್ವಾ, ಇದರಾಗೆ ವಿಷ ಇರ್ತದಂತೆ" ಅಂದೆ.

ಆಡಿದ ಮಾತನ್ನು ಹೆಕ್ಕಿ ಬಾಯಿಗೆ ವಾಪಸ್ಸು ಹಾಕಿಕೊಳ್ಳುವಂತಿದ್ದರೆ! ಬೀಗತಿ ಏನೂ ಜಗಳ ಆಡಲಿಲ್ಲ. ಬಡಿಸುವ ಸೌಟು ಕೈಯಲ್ಲಿ ಹಾಗೇ ನಿಂತಿತ್ತು. "ನನ್ನ ಮೂರೂ ಮಕ್ಕಳು ಇದನ್ನೇ ತಿಂದು ಬೆಳೆದವ್ರೆ" ಅಂತಷ್ಟೇ ಹೇಳಿ, ಮಗಳಿಗೆ ಬೇರೆ ತಟ್ಟೆಯಲ್ಲಿ ತಿಳಿಸಾರು ಬಡಿಸಿದರು. ನಾನು ಊರಿಗೆ ಹೊರಡುವಾಗ ಎಂದಿನಂತೆ ತೆಂಗಿನಕಾಯಿ, ಒಣಮೀನು ಕಟ್ಟಿಕೊಟ್ಟರು. ಮುಖ ಮಾತ್ರ ನೋಡಲಿಲ್ಲ.

ಕಂಪ್ಲಿಗೆ ಬಂದ ಮೇಲೆ ನಿದ್ದೆ ಬಾರದು. ನಾನು ಮಾಡಿದ್ದು ಸರಿಯೋ ತಪ್ಪೋ? ತಾಯಿಯಾಗಿ ಸರಿ ಅನ್ನಿಸುತ್ತಿತ್ತು, ಮನುಷ್ಯಳಾಗಿ ತಪ್ಪು. ನಮ್ಮ ಓಣಿಯಲ್ಲಿ ನಿವೃತ್ತ ವಿಜ್ಞಾನದ ಮೇಷ್ಟ್ರೊಬ್ಬರಿದ್ದಾರೆ. ಹೈಸ್ಕೂಲಿನಲ್ಲಿ ನನಗೇ ಪಾಠ ಹೇಳಿದವರು. ಒಂದು ಸಂಜೆ ಮಿರ್ಚಿ ಬಜ್ಜಿ ಮಾಡಿಕೊಂಡು ಅವರ ಮನೆಗೆ ಹೋದೆ. (ಮೇಷ್ಟ್ರಿಗೆ ಬಿ.ಪಿ. ಇದೆ, ಅವರ ಹೆಂಡತಿ ನನ್ನನ್ನು ದುರುಗುಟ್ಟಿ ನೋಡಿದರು. ಅದು ಬೇರೆ ಮಾತು.) ಒಂದಲ್ಲ, ಮೂರು ಸಂಜೆ ಹೋದೆ. ಅವರು ಹೇಳಿದ್ದನ್ನು ನಮ್ಮ ಅಡಿಗೆಮನೆ ಭಾಷೆಯಲ್ಲಿ ಹೇಳುತ್ತೇನೆ, ಕೇಳಿ.

ಹಾಲಿಗೆ ನಿಂಬೆರಸ ಬಿದ್ದರೆ ಏನಾಗುತ್ತದೆ? ಒಡೆದು ಗಟ್ಟಿ ಬೇರೆ, ನೀರು ಬೇರೆ ಆಗುತ್ತದೆ. ಅಳಿವೆಯಲ್ಲೂ ಹೀಗೇ ಒಂದು ಒಡೆಯುವ ಕೆಲಸ ನಡೆಯುತ್ತದೆಯಂತೆ. ಹೊಳೆಯ ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಮಣ್ಣಿನ ಕಣ, ಕಬ್ಬಿಣದ ತುಕ್ಕಿನಂಥ ಕಣ ತೇಲಿ ಬರುತ್ತವೆ. ದಾರಿಯುದ್ದಕ್ಕೂ ನೀರಿನಲ್ಲಿ ಕರಗಿದ ತಾಮ್ರ, ಸತು, ಸೀಸ, ಕ್ಯಾಡ್ಮಿಯಂ, ಪಾದರಸ ಇವಕ್ಕೆ ಅಂಟಿಕೊಳ್ಳುತ್ತವೆ. ಸಮುದ್ರದ ಉಪ್ಪು ಸೋಕಿದ ಕೂಡಲೇ ಕಣಗಳು ಒಂದನ್ನೊಂದು ಹಿಡಿದುಕೊಂಡು ಗರಣೆ ಕಟ್ಟಿ ಕೆಳಗಿಳಿಯುತ್ತವೆ. ಅಲ್ಲಿ ನೀರಿನ ಓಟವೂ ನಿಧಾನ. ಹೀಗೆ ಇಡೀ ಹೊಳೆಯ ಸಾಮಾನೆಲ್ಲ ಬಂದು ಅಳಿವೆಯ ಕೆಸರಿನಲ್ಲಿ ಕೂರುತ್ತದೆ. ಒಳ್ಳೆಯದೂ ಕೂರುತ್ತದೆ, ಕೆಟ್ಟದ್ದೂ ಕೂರುತ್ತದೆ. ಅಲ್ಲಿ ಮೀನು, ಸಿಗಡಿ, ಏಡಿ ಅಷ್ಟು ಸಮೃದ್ಧವಾಗಿ ಬೆಳೆಯುವುದಕ್ಕೂ ಇದೇ ಕಾರಣವಂತೆ.

ಬಳಚು ಆ ಕೆಸರಿನಲ್ಲೇ ಹುದುಗಿ ಕೂತಿದೆ. ಮೀನಿನ ಹಾಗೆ ಓಡಿಹೋಗಲು ಕಾಲಿಲ್ಲ, ರೆಕ್ಕೆಯಿಲ್ಲ. ಹೊಟ್ಟೆ ತುಂಬಬೇಕಾದರೆ ನೀರು ಎಳೆದುಕೊಳ್ಳಲೇಬೇಕು. ಕಿವಿರಿನ ತುಂಬ ಸಣ್ಣ ರೋಮ. ಅವು ಬಡಿದಾಡಿ ನೀರು ತಳ್ಳುತ್ತವೆ, ಕಣಗಳು ಲೋಳೆಗೆ ಅಂಟಿ ಬಾಯಿಯ ಕಡೆಗೆ ಸಾಗುತ್ತವೆ. ಬೆರಳುದ್ದದ ನೀಲಿಕಲ್ಲು (ಬಂಡೆಗೆ ಅಂಟಿ ಬೆಳೆಯುವ ಹಸಿರಂಚಿನ ಚಿಪ್ಪು) ಗಂಟೆಗೆ ಒಂದು ಲೀಟರಿಗೂ ಮೇಲ್ಪಟ್ಟು ನೀರು ಸೋಸಬಲ್ಲದು. ಹಗಲು ರಾತ್ರಿ, ತಿಂಗಳು, ವರ್ಷ ಅಂತ ಲೆಕ್ಕ ಹಾಕಿ ನೋಡಿ! ನಾನು ದಿನಕ್ಕೆ ಹತ್ತು ಕೊಡ ಹೊತ್ತರೆ ಸೊಂಟ ಹಿಡಿಯುತ್ತದೆ.

ಇನ್ನು ಲೋಹದ ಗುಣ. ಸೊಪ್ಪು ಕೊಳೆಯುತ್ತದೆ, ಎಣ್ಣೆ ಉರಿಯುತ್ತದೆ, ಲೋಹ ಏನು ಮಾಡಿದರೂ ಲೋಹವೇ. ಮೈಯೊಳಗೆ ಹೋದದ್ದನ್ನು ಅರಗಿಸಲು ಬಳಚಿಗೆ ಆಗದು. ಹಾಗಂತ ಬಿಟ್ಟರೆ ತನಗೇ ಅಪಾಯ. ಅದಕ್ಕೆ ಅದು ಒಂದು ಉಪಾಯ ಮಾಡಿಕೊಂಡಿದೆ. ಮೆಟಲೋಥಯೊನೀನ್ ಎಂಬ ಒಂದು ಪ್ರೋಟೀನ್ ತಯಾರಿಸಿ, ಕ್ಯಾಡ್ಮಿಯಂ, ತಾಮ್ರ, ಸತುವನ್ನು ನಾವು ಸೆರಗಿನ ತುದಿಯಲ್ಲಿ ಚಿಲ್ಲರೆ ಗಂಟು ಹಾಕಿದಂತೆ ಕಟ್ಟಿಡುತ್ತದೆ. ಕೆಲವನ್ನು ಸಣ್ಣ ಹರಳು ಮಾಡಿ ಒಳಗಿನ ಅಂಗಗಳಲ್ಲಿ ಕೂಡಿಸುತ್ತದೆ. ಹೊರಗೆ ಹಾಕುತ್ತದೆ, ಆದರೆ ಬಹಳ ನಿಧಾನ. ಬರುವುದು ಬೇಗ, ಹೋಗುವುದು ತಡ. ಅಂದ ಮೇಲೆ ಗಂಟು ದೊಡ್ಡದಾಗಲೇಬೇಕು. ಹೀಗಾಗಿ ನೀರಿನಲ್ಲಿ ಇರುವುದಕ್ಕಿಂತ ಎಷ್ಟೋ ಸಾವಿರ ಪಟ್ಟು ಅದರ ಮಾಂಸದಲ್ಲಿ ಸೇರಬಹುದು. ಎಲ್ಲ ಚಿಪ್ಪುಗಳೂ ಒಂದೇ ಥರ ಅಲ್ಲ. ಕಲ್ಲಿಗೆ ಕಚ್ಚಿ ಬೆಳೆಯುವ ಕಲ್ವಕ್ಕೆ ಸತು, ತಾಮ್ರದ ಆಸೆ ವಿಪರೀತ. ಇಂಗ್ಲೆಂಡಿನ ಕಾರ್ನ್‌ವಾಲ್ ಎಂಬಲ್ಲಿ ತಾಮ್ರದ ಗಣಿಗಳ ನೀರು ಇಳಿಯುವ ಅಳಿವೆಯಲ್ಲಿ ಕಲ್ವಗಳು ತಾಮ್ರ ತುಂಬಿ ಹಸಿರಾಗಿಬಿಟ್ಟಿದ್ದವಂತೆ, ಉಪ್ಪಿನಕಾಯಿ ಬಿದ್ದ ಹಿತ್ತಾಳೆ ಪಾತ್ರೆಯ ಹಾಗೆ.

"ಅಂದ್ರೆ ನಾನು ಹೇಳಿದ್ದೇ ಸರಿ ಆತಲ್ಲ ಸಾರ್, ವಿಷ ಇರ್ತದೆ" ಅಂದೆ. ಮೇಷ್ಟ್ರು ಕನ್ನಡಕ ತೆಗೆದರು. ಹೈಸ್ಕೂಲಿನಲ್ಲೂ ಕನ್ನಡಕ ತೆಗೆದರೆ ನಮಗೆ ಭಯ.

"ಬಳಚು ವಿಷ ಮಾಡಲ್ಲ ಕಣಮ್ಮ. ಹೊಳೆ ಏನು ತಂದು ಕೊಟ್ಟಿತೋ ಅದನ್ನು ಬರೆದಿಟ್ಟುಕೊಳ್ತದೆ. ಪಡಿತರ ಅಂಗಡಿಯ ದಾಖಲೆ ಪುಸ್ತಕ ಇದ್ದಂಗೆ. ಪುಸ್ತಕದಲ್ಲಿ ಏನಿದೆ ಅಂತ ನೋಡದೇ ಅಂಗಡಿಯವನು ಕಳ್ಳ ಅಂದ್ಯಲ್ಲ?"

ನೀರನ್ನು ಇವತ್ತು ಪರೀಕ್ಷಿಸಿದರೆ ಇವತ್ತಿನದು ಮಾತ್ರ ಗೊತ್ತಾಗುತ್ತದೆ. ರಾತ್ರಿ ಕದ್ದು ಬಿಟ್ಟ ಹೊಲಸು ಬೆಳಿಗ್ಗೆ ಹರಿದು ಹೋಗಿರುತ್ತದೆ. ಚಿಪ್ಪಿನ ಮಾಂಸದಲ್ಲಿ ತಿಂಗಳುಗಳ ಲೆಕ್ಕ ಇರುತ್ತದೆ. ಇದನ್ನು ಕಂಡೇ 1975ರಲ್ಲಿ ಎಡ್ವರ್ಡ್ ಗೋಲ್ಡ್‌ಬರ್ಗ್ ಎಂಬ ಅಮೆರಿಕದ ವಿಜ್ಞಾನಿ, ಕರಾವಳಿಯುದ್ದಕ್ಕೂ ಚಿಪ್ಪುಗಳನ್ನು ಕಾವಲುಗಾರರಂತೆ ಬಳಸಬೇಕು ಅಂದರು. 1986ರಿಂದ ಅಲ್ಲಿನ ಸರಕಾರವೇ ಹೀಗೆ ಪರೀಕ್ಷೆ ನಡೆಸುತ್ತ ಬಂತು. ನಮ್ಮಲ್ಲೂ ಇಂಥ ಕೆಲಸ ಆಗಿದೆ. ಕಾರವಾರದ ಕಾಸ್ಟಿಕ್ ಸೋಡಾ ಕಾರ್ಖಾನೆಯ ಸುತ್ತಲಿನ ಪಾದರಸದ ಬಗ್ಗೆ ನಮ್ಮ ಸಮುದ್ರ ಮೀನುಗಾರಿಕೆಯ ವಿಜ್ಞಾನಿಗಳು 1990ರಲ್ಲೇ ಪ್ರಬಂಧ ಪ್ರಕಟಿಸಿದ್ದರು. ಆ ಕಾಲದಲ್ಲಿ ಕಾಸ್ಟಿಕ್ ಸೋಡಾ ಮಾಡಲು ಪಾದರಸ ಬಳಸುವುದು ರೂಢಿಯಾಗಿತ್ತು. ಆಮೇಲೆ ನಮ್ಮ ದೇಶದ ಕಾರ್ಖಾನೆಗಳು ಪಾದರಸವಿಲ್ಲದ ವಿಧಾನಕ್ಕೆ ಬದಲಾದವು. ಪಾದರಸ ಕಡಿಮೆ ಮಾಡಬೇಕೆಂದು ದೇಶದೇಶಗಳು ಸೇರಿ 2013ರಲ್ಲಿ ಮಾಡಿಕೊಂಡ ಒಪ್ಪಂದಕ್ಕೆ ಮಿನಮಾಟದ ಹೆಸರನ್ನೇ ಇಟ್ಟಿದ್ದಾರೆ. 2018ರಲ್ಲಿ ಭಾರತವೂ ಅದನ್ನು ಅನುಮೋದಿಸಿತು.

"ನಿನ್ನ ಬೀಗರ ಹೊಳೆಗೆ ಅಣೆಕಟ್ಟು ಇಲ್ಲ, ಅಳಿವೆ ದಂಡೆಯಲ್ಲಿ ದೊಡ್ಡ ಕಾರ್ಖಾನೆ ಇಲ್ಲ. ಶಿರಸಿಯಲ್ಲಿ ಹುಟ್ಟಿ ಕಾಡಿನಲ್ಲೇ ಬಂದು ಸಮುದ್ರ ಸೇರ್ತದೆ. ಅದಕ್ಕೂ ಮಿನಮಾಟಕ್ಕೂ ಹೋಲಿಸಿದೆಯಾ?" ಅಂದರು ಮೇಷ್ಟ್ರು. ನಾನು ಬಜ್ಜಿ ತಟ್ಟೆ ಕಡೆ ನೋಡುತ್ತ ಕೂತೆ.

ಹೋಗಲಿ, ನಾವು ಅಕ್ಕಿ ತಿನ್ನುವವರು, ನಮಗೆ ಈ ತಾಪತ್ರಯ ಇಲ್ಲ ಅಂದುಕೊಂಡರೆ ಅದಕ್ಕೂ ಮೇಷ್ಟ್ರು ಬಿಡಲಿಲ್ಲ. ಅದೇ ಜಪಾನಿನಲ್ಲಿ ಜಿಂಜು ಎಂಬ ಹೊಳೆ. ಮೇಲೆ ಗಣಿ, ಕೆಳಗೆ ಬತ್ತದ ಗದ್ದೆ. ಗಣಿಯಿಂದ ಬಂದ ಕ್ಯಾಡ್ಮಿಯಂ ಗದ್ದೆಗೆ ಸೇರಿ ಅಕ್ಕಿಯಲ್ಲಿ ಕೂತಿತು. ಕಾಯಿಲೆ ಬಿದ್ದವರು ಹೆಚ್ಚಾಗಿ ಮುಟ್ಟು ನಿಲ್ಲುವ ವಯಸ್ಸಿನ, ಮಕ್ಕಳನ್ನು ಹೆತ್ತ ಹೆಂಗಸರು. ಮೂಳೆ ಎಷ್ಟು ಟೊಳ್ಳಾಯಿತೆಂದರೆ ಕೆಮ್ಮಿದರೂ ಮುರಿಯುತ್ತಿತ್ತಂತೆ. 'ಇತಾಯಿ ಇತಾಯಿ' ಎಂದೇ ಕಾಯಿಲೆಯ ಹೆಸರು. ಅಂದರೆ 'ನೋವು, ನೋವು'. ಬತ್ತದ ಸೀಮೆಯವಳು, ಸಂಡೂರಿನ ಗಣಿ ಬೆಟ್ಟ ಕಣ್ಣಳತೆಯಲ್ಲಿ ಇರುವವಳು, ವಯಸ್ಸು ನಲವತ್ತಾರು. ನನಗೆ ಬೆನ್ನಲ್ಲಿ ಚಳಿ ಬಂತು. "ಗಾಬರಿ ಬೇಡ, ಸಂಡೂರಿನದು ಕಬ್ಬಿಣ, ಮ್ಯಾಂಗನೀಸ್ ಅದಿರು, ಜಪಾನಿನ ಆ ಗಣಿ ಸತು, ಸೀಸದ್ದು. ಕ್ಯಾಡ್ಮಿಯಂ ಸತುವಿನ ಜೊತೆ ಬರೋದು" ಎಂದು ಮೇಷ್ಟ್ರೇ ಸಮಾಧಾನ ಹೇಳಿದರು. ಲೋಹ ಲೋಹಕ್ಕೂ ವ್ಯತ್ಯಾಸ ಇದೆ ಅಂತ ನನಗೆ ತಲೆಗೆ ಹೋದದ್ದು ಆಗಲೇ.

ಪುಷ್ಯದಲ್ಲಿ ಮಗಳಿಗೆ ಏಳು ತುಂಬಿತು. ಕುಬಸ ಮುಗಿಸಿ ತವರಿಗೆ ಕರೆತರಲು ಮತ್ತೆ ಹೊರಟೆ. ಈ ಸಲ ಬಸ್ಸಿನಲ್ಲಿ ಮೈ ನೋಯಲಿಲ್ಲ, ಹೊಟ್ಟೆಯಲ್ಲೇ ಸಂಕಟ. ಹೋದ ಮರುದಿನ ಮಗಳನ್ನು ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆವು. ರಕ್ತ ಕಡಿಮೆ ಇದೆ ಅಂದರು. ಊಟ ಏನು ಮಾಡ್ತೀ ಅಂತ ಕೇಳಿದರು. ಮಗಳು ಮುಗ್ಧವಾಗಿ, "ಮೊದಲು ಬಳಚು ತಿಂತಿದ್ದೆ, ಅವ್ವ ವಿಷ ಅಂದಳು, ಬಿಟ್ಟೆ" ಅಂದುಬಿಟ್ಟಳು. ಬೀಗತಿ ಕಿಟಕಿಯ ಹೊರಗೆ ನೋಡುತ್ತಿದ್ದರು.

ಡಾಕ್ಟರಮ್ಮ ನಕ್ಕರು. "ಕಬ್ಬಿಣವೂ ಲೋಹವೇ ಅಲ್ಲವೇನಮ್ಮ? ನಿಮ್ಮ ಮಗಳಿಗೆ ಬೇಕಾಗಿರುವುದೇ ಅದು" ಅಂದರು. ಬಳಚಿನಲ್ಲಿ ಕಬ್ಬಿಣ, ಸತು, ಬಿ-12 ಜೀವಸತ್ವ ಚೆನ್ನಾಗಿದೆಯಂತೆ. ಕಬ್ಬಿಣ, ಸತು, ತಾಮ್ರ ನಮ್ಮ ಮೈಗೆ ಚೂರುಪಾರು ಬೇಕೇ ಬೇಕು. ಸೀಸ, ಪಾದರಸ, ಕ್ಯಾಡ್ಮಿಯಂ ಒಂದು ಚೂರೂ ಬೇಡ. ಪಾದರಸದ ಭಯವಿದ್ದರೆ ಬಸುರಿಯರು ದೂರ ಇಡಬೇಕಾದದ್ದು ಶಾರ್ಕಿನಂಥ ದೊಡ್ಡ ಬೇಟೆಮೀನುಗಳನ್ನು. ದೊಡ್ಡ ಮೀನು ಚಿಕ್ಕದನ್ನು, ಚಿಕ್ಕದು ಇನ್ನೂ ಚಿಕ್ಕದನ್ನು ತಿಂದು, ಸಾಲಾಗಿ ಎಲ್ಲದರ ಪಾದರಸವೂ ದೊಡ್ಡದರ ಮೈಗೆ ಬಂದು ಸೇರುತ್ತದೆ. ಬಳಚು ಆ ಸಾಲಿನ ಕೆಳಗಿನ ಮೆಟ್ಟಿಲಿನದು. ಒಳ್ಳೆಯ ನೀರಿನದಾಗಿದ್ದರೆ ವಾರಕ್ಕೊಂದೆರಡು ಸಲ ಚೆನ್ನಾಗಿ ಬೇಯಿಸಿ ತಿನ್ನಲಿ, ಕಬ್ಬಿಣದ ಮಾತ್ರೆ ಮಾತ್ರ ತಪ್ಪಿಸಬಾರದು ಅಂದರು. ಬಳಚು ಬಿಟ್ಟದ್ದಕ್ಕೇ ರಕ್ತ ಇಳಿಯಿತು ಅಂತ ನಾನು ಹೇಳೋದಿಲ್ಲ. ಆದರೂ ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗ ನನ್ನ ಕಾಲು ನಡುಗಿದ್ದು ನಿಜ.

ನಾವು ಹೆಂಗಸರು ಬೇಯಿಸುವುದರ ಮೇಲೆ ಬಹಳ ನಂಬಿಕೆ ಇಟ್ಟುಕೊಂಡಿದ್ದೇವೆ. ಅದಕ್ಕೇ ಡಾಕ್ಟರಮ್ಮನನ್ನು ಇನ್ನೊಂದು ಮಾತು ಕೇಳಿದೆ: ನಾಲ್ಕು ನೀರಲ್ಲಿ ತೊಳೆದು ಚೆನ್ನಾಗಿ ಕುದಿಸಿದರೆ ಎಂಥದ್ದೂ ಹೋಗುವುದಿಲ್ಲವೇ? ಹೋಗುವುದಿಲ್ಲವಂತೆ! ಕುದಿಸಿದರೆ ಸಾಯುವುದು ಕ್ರಿಮಿ. ಲೋಹ ಸ್ವಲ್ಪ ಬೆಂದ ನೀರಿಗೆ ಇಳಿಯಬಹುದು, ಉಳಿದದ್ದು ಮಾಂಸದಲ್ಲೇ. ನೀರು ಆರಿ ಮಾಂಸ ಕುಗ್ಗುವುದರಿಂದ ತೂಕಕ್ಕೆ ಹೋಲಿಸಿದರೆ ಹೆಚ್ಚೇ ಕಾಣಬಹುದು. ಹುಳಿ, ಅರಿಸಿನ ಯಾವುದೂ ಇದಕ್ಕೆ ಮದ್ದಲ್ಲ. ರಾತ್ರಿಯಿಡೀ ನೀರಿನಲ್ಲಿ ಇಟ್ಟರೆ ಮರಳು ಹೋಗುತ್ತದೆ, ಲೋಹ ಹೋಗಲು ವಾರಗಟ್ಟಲೆ, ತಿಂಗಳುಗಟ್ಟಲೆ ಬೇಕು. ಆದ್ದರಿಂದ ಕೊಳ್ಳುವಾಗ "ಎಷ್ಟಕ್ಕೆ" ಅನ್ನುವುದರ ಜೊತೆಗೆ "ಎಲ್ಲಿಯದು" ಅಂತಲೂ ಕೇಳಿ. ಕಾರ್ಖಾನೆಯ ನೀರು, ಊರ ಚರಂಡಿ ಇಳಿಯುವ ಜಾಗದ್ದು, ದೋಣಿಗಳ ತಳ ಕೆರೆದು ಬಣ್ಣ ಬಳಿಯುವ ಧಕ್ಕೆಯ ಪಕ್ಕದ್ದು ಬೇಡ. ದೋಣಿಯ ತಳಕ್ಕೆ ಚಿಪ್ಪು ಅಂಟದಿರಲೆಂದು ಬಳಿಯುವ ಬಣ್ಣದಲ್ಲಿ ತಾಮ್ರ ಇರುತ್ತದೆ. ಯುರೋಪಿನವರು ಚಿಪ್ಪಿನ ಮಾಂಸಕ್ಕೆ ಕಿಲೋಗೆ 1 ಮಿಲಿಗ್ರಾಂ ಕ್ಯಾಡ್ಮಿಯಂ, 1.5 ಮಿಲಿಗ್ರಾಂ ಸೀಸ, ಅದಕ್ಕಿಂತ ಮೇಲೆ ಇದ್ದರೆ ಮಾರುವಂತಿಲ್ಲ ಎಂದು ಕಾನೂನು ಮಾಡಿದ್ದಾರೆ.

ಆ ಮಧ್ಯಾಹ್ನ ಇಳಿತ ಇತ್ತು. "ನಾನೂ ಬರ್ತೀನಿ ಅಕ್ಕಾ" ಅಂದೆ. ಬೀಗತಿ ನನ್ನ ಸೀರೆ, ನನ್ನ ಬೆಳ್ಳಿ ಕಾಲುಂಗುರ ನೋಡಿದರು. "ಮೊಣಕಾಲ ಮಟ ಕೆಸರು" ಅಂದರು. "ನಮ್ಮ ಗದ್ದೆಯಲ್ಲೂ ಕೆಸರೇ" ಅಂದೆ.

ಗದ್ದೆಯ ಕೆಸರಿಗೂ ಅದಕ್ಕೂ ಸಂಬಂಧ ಇಲ್ಲ ಬಿಡಿ. ಎರಡು ಹೆಜ್ಜೆಗೆ ಚಿಪ್ಪು ತಾಗಿ ಕಾಲು ಕುಯ್ದಿತು. ಬೀಗತಿ ಅಂಗಾಲಿನಲ್ಲೇ ತಡಕಿ, ಬಗ್ಗಿ, ಹೆಕ್ಕಿ ಬುಟ್ಟಿಗೆ ಹಾಕುತ್ತಿದ್ದರು. ನಾನು ಹತ್ತು ಹೆಕ್ಕುವಷ್ಟರಲ್ಲಿ ಅವರದು ಅರ್ಧ ಬುಟ್ಟಿ. ಸುತ್ತ ಬೆಳ್ಳಕ್ಕಿ ಹಿಂಡು. ಈ ಅಳಿವೆ ಜಗತ್ತಿನ ಮುಖ್ಯ ಜೌಗುಭೂಮಿಗಳ ರಾಮ್ಸರ್ ಪಟ್ಟಿಗೆ ಸೇರಿದ ಸುದ್ದಿ ಬಂದದ್ದು 2024ರ ಜನವರಿಯಲ್ಲಿ. ನಮ್ಮ ಕಡೆಯ ವಿಜಯನಗರ ಜಿಲ್ಲೆಯ ಅಂಕಸಮುದ್ರದ ಹಕ್ಕಿಗಳ ಕೆರೆಯೂ ಅದೇ ದಿನದ ಪಟ್ಟಿಯಲ್ಲಿತ್ತು. ಹೇಳಿದೆ. "ಹಾಗಾರೆ ಅಲ್ಲೂ ನಾವು ಬೀಗರೇ" ಅಂದರು. ಎರಡು ತಿಂಗಳ ಮೇಲೆ ಅವರು ನಗುತ್ತಾ ಆಡಿದ ಮೊದಲ ಮಾತು.

ಆಗ ಕ್ಷಮೆ ಕೇಳಿದೆ. ಮೇಷ್ಟ್ರು ಹೇಳಿದ್ದನ್ನೆಲ್ಲ ಹೇಳಿದೆ. ಅವರು ಕೆಲಸ ನಿಲ್ಲಿಸದೆ ಕೇಳಿದರು. ಆಮೇಲೆ ತಮ್ಮ ಕಥೆ ಹೇಳಿದರು. ಅಲ್ಲೇ ತದಡಿಯಲ್ಲಿ ಕಲ್ಲಿದ್ದಲು ಉರಿಸುವ ದೊಡ್ಡ ವಿದ್ಯುತ್ ಸ್ಥಾವರ ಬರುತ್ತದೆ ಅಂತ, 2000ದ ಮೇಲಿನ ಆ ವರ್ಷಗಳಲ್ಲಿ, ಊರೂರೇ ಎದ್ದು ನಿಂತಿತ್ತಂತೆ. ಇವರೂ ಮಗುವನ್ನು ಸೊಂಟದ ಮೇಲೆ ಹೊತ್ತು ಮೆರವಣಿಗೆಗೆ ಹೋಗಿದ್ದರು. ಕೊನೆಗೆ ಸ್ಥಾವರ ಅಲ್ಲಿಗೆ ಬರಲಿಲ್ಲ. ಕಲ್ಲಿದ್ದಲಿನ ಹೊಗೆ, ಬೂದಿಯಲ್ಲಿ ಪಾದರಸ ಇರುತ್ತದೆ ಅಂತ ನನಗೆ ಮೇಷ್ಟ್ರು ಹೇಳಬೇಕಾಯಿತು. ಅವರಿಗೆ ಆಗಲೇ ಗೊತ್ತಿತ್ತು. "ಬಳಚು ಹೋದ್ರೆ ನಾವು ಹೋದ ಹಾಗೇ ಅಲ್ದಾ? ನಾವು ಕಾದುಕೊಂಡದ್ದನ್ನೇ ನೀವು ವಿಷ ಅಂದ್ರಿ" ಅಂದರು.

ನಾನು ತಲೆ ತಗ್ಗಿಸಿ ಹೆಕ್ಕುತ್ತಾ ಇದ್ದೆ. ಅವರು ಮತ್ತೆ ಕೇಳಿದರು: "ಚೌತಿಗೆ ನಿಮ್ಮಲ್ಲಿ ಬಂದಾಗ ನೋಡಿದೆ. ಅಷ್ಟು ದೊಡ್ಡ ಗಣಪತಿ, ಮೈತುಂಬ ಹೊಳೆಯೋ ಬಣ್ಣ, ಎಲ್ಲ ಹೊಳೆಗೆ ಬಿಟ್ರಿ. ಟಾರ್ಚಿನ ಹಳೇ ಸೆಲ್ಲೂ ಅದರ ಜೊತೆಗೇ ಎಸೆದ್ರಿ. ಆ ಹೊಳೆ ಎಲ್ಲಿಗೆ ಹೋಗ್ತದೆ?"

ಎಸೆದದ್ದು ನಾನೇ. ಮನೆ ಸ್ವಚ್ಛ ಮಾಡಿದ ಹುಮ್ಮಸ್ಸಿನಲ್ಲಿ ಹಾರ, ಬತ್ತಿ, ಸೆಲ್ಲು ಎಲ್ಲ ಒಂದೇ ಚೀಲದಲ್ಲಿ. ಅಗ್ಗದ ಹೊಳಪು ಬಣ್ಣದಲ್ಲಿ ಸೀಸ ಇರಬಹುದು, ಕೆಲವು ಸೆಲ್ಲುಗಳಲ್ಲಿ ಕ್ಯಾಡ್ಮಿಯಂ. ತುಂಗಭದ್ರೆ ಎಲ್ಲಿಗೆ ಹೋಗುತ್ತದೆ? ಕರ್ನೂಲಿನ ಹತ್ತಿರ ಕೃಷ್ಣೆಯನ್ನು ಸೇರಿ, ಆಂಧ್ರದ ಹಂಸಲದೀವಿ ಎಂಬಲ್ಲಿ ಸಮುದ್ರಕ್ಕೆ. ಅಲ್ಲಿಯೂ ಅಳಿವೆ ಇದೆ, ಅಲ್ಲಿಯೂ ಕೆಸರು. ನಡುವೆ ಶ್ರೀಶೈಲ, ನಾಗಾರ್ಜುನಸಾಗರ ಅಣೆಕಟ್ಟುಗಳಿವೆ, ಬಹುಪಾಲು ಕೆಸರು ಅಲ್ಲೇ ನಿಲ್ಲುತ್ತದೆ ಎಂದು ಆಮೇಲೆ ಮೇಷ್ಟ್ರು ಹೇಳಿದರು. ನಿಂತರೆ ಅಲ್ಲಿಯ ಸಿಂಪಿ, ಅಲ್ಲಿಯ ಮೀನು. ನಮ್ಮ ಕಂಪ್ಲಿ ಸೇತುವೆ ಕೆಳಗಿನ ಮರಳಿನ ಸಿಂಪಿಗಳೂ ಇದೇ ಲೆಕ್ಕ ಬರೆಯುತ್ತಿವೆಯಲ್ಲ.

ರಾತ್ರಿ ಸುಕ್ಕ ನಾನೇ ಮಾಡಿದೆ, ಬೀಗತಿ ಪಕ್ಕದಲ್ಲಿ ಕೂತು ಹೇಳಿಕೊಟ್ಟರು. ಬಾಯಿ ಬಿಡದ ಚಿಪ್ಪನ್ನು ಎಸೆಯಬೇಕು. ಈರುಳ್ಳಿ ಕೆಂಪಾದ ಮೇಲೆ ಮಸಾಲೆ, ಕಡೆಗೆ ಕಾಯಿತುರಿ; ಉಪ್ಪು ಕೊನೆಗೆ ರುಚಿ ನೋಡಿ ಹಾಕಬೇಕು, ಬಳಚಿನಲ್ಲೇ ಉಪ್ಪು ಇರುತ್ತದೆ. ಮಗಳ ತಟ್ಟೆಗೆ ನಾನೇ ಬಡಿಸಿದೆ. ನಾನೂ ತಿಂದೆ. ರುಚಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಮೊಮ್ಮಗಳಿಗೆ ಈಗ ಆರು ತಿಂಗಳು. ಈ ಚೌತಿಗೆ ಬಣ್ಣದ ಗಣಪತಿ ತರಲಿಲ್ಲ. ಗದ್ದೆಯ ಮಣ್ಣಿನಲ್ಲಿ ಮನೆಯಲ್ಲೇ ಮಾಡಿದೆವು. ಸೊಂಡಿಲು ಸ್ವಲ್ಪ ಸೊಟ್ಟ, ಯಜಮಾನರು ಇನ್ನೂ ನಗುತ್ತಾರೆ. ಬಕೆಟ್ಟಿನಲ್ಲೇ ಬಿಟ್ಟು ಮಣ್ಣನ್ನು ದಾಸವಾಳದ ಬುಡಕ್ಕೆ ಹಾಕಿದೆ. ಸೆಲ್ಲುಗಳನ್ನು ಒಂದು ಡಬ್ಬಿಯಲ್ಲಿ ಕೂಡಿಟ್ಟಿದ್ದೇನೆ. ತೆಗೆದುಕೊಳ್ಳುವವರು ನಮ್ಮೂರಲ್ಲಿ ಯಾರೂ ಸಿಕ್ಕಿಲ್ಲ, ಡಬ್ಬಿ ತುಂಬುತ್ತಾ ಬಂತು.

ಹಬ್ಬದ ದಿನ ಬೀಗತಿ ಫೋನ್ ಮಾಡಿದ್ದರು.

"ಬಣ್ಣ ಹಚ್ಚಿದ್ರಾ?"

"ಇಲ್ಲಕ್ಕಾ, ಅರಿಸಿನ ಕುಂಕುಮ ಅಷ್ಟೇ."

"ಕುಂಕುಮ ಅಂಗಡಿದಾ?"

ಅಂಗಡಿಯದೇ. ಕೆಂಪಗೆ ಹೊಳೆಯಲೆಂದು ಕೆಲವರು ಅದಕ್ಕೂ ಸೀಸದ ಪುಡಿ ಬೆರೆಸುತ್ತಾರೆ ಎಂದು ಎಲ್ಲೋ ಓದಿದ್ದೆ, ಮರೆತಿದ್ದೆ. ನಾನು ಸುಮ್ಮನಾದದ್ದು ಅವರಿಗೆ ತಿಳಿಯಿತು. ಅರಿಸಿನಕ್ಕೆ ಸುಣ್ಣ, ನಿಂಬೆರಸ ಹಾಕಿ ಮನೆಯಲ್ಲೇ ಮಾಡಿಕೊಳ್ಳಿ ಅಂದರು. ಒಳ್ಳೆ ಸುಣ್ಣ ಈಗ ಎಲ್ಲಿ ಸಿಗುತ್ತದೆ ಅಂದೆ.

"ನಾನೇ ಕಳಿಸ್ತೆ. ಬಳಚಿನ ಚಿಪ್ಪು ಸುಟ್ಟದ್ದು."